ದೇವರ ಮೋಟ್ರು, ಮಾವನ ಗಾಳ

ನನಗೆ ಮದುವೆಯಾಗಿ ಹದಿನೆಂಟು ವರ್ಷವಾಯಿತು. ಈ ಹದಿನೆಂಟು ವರ್ಷಗಳಲ್ಲಿ ನನ್ನ ಮಾವ ಚನ್ನಪ್ಪನವರು ಒಂದೇ ಒಂದು ಸಲವೂ ನನ್ನನ್ನು ಮೀನು ಹಿಡಿಯಲು ಕರೆದಿಲ್ಲ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹೊಳೆನರಸೀಪುರದಿಂದ ಸ್ವಲ್ಪ ಆಚೆ, ಹೇಮಾವತಿಯ ದಡದಲ್ಲಿ ಮಾವನವರದೊಂದು ಬಂಡೆ ಇದೆ. (ಪಹಣಿಯಲ್ಲಿ ಹೆಸರಿಲ್ಲ, ನಲವತ್ತು ವರ್ಷದಿಂದ ಅನುಭವದಲ್ಲಿದ್ದಾರೆ.) ಪ್ರತಿ ಭಾನುವಾರ ಅವರು ಅದರ ಮೇಲೆ ಗಾಳ ಹಾಕಿ ಕೂರುತ್ತಾರೆ. ಯಾರನ್ನು ಮನುಷ್ಯರೆಂದು ಒಪ್ಪುತ್ತಾರೋ ಅವರನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಚನ್ನರಾಯಪಟ್ಟಣದಲ್ಲಿರುವ ನನ್ನ ಷಡ್ಡಕ ಶಶಿಕುಮಾರ್ ಆ ಬಂಡೆಯ ಮೇಲೆ ಮೂರು ಸಲ ಕೂತಿದ್ದಾನೆ. ಮೂರು ಸಲವೂ ನಿದ್ದೆ ಹೊಡೆದನಂತೆ. ಆದರೂ ಕೂತಿದ್ದಾನೆ.

ನಾನು ಬಾಯಿಬಿಟ್ಟು ಕೇಳಿದ್ದೂ ಉಂಟು.

"ಮಾವ, ಈ ಭಾನುವಾರ ನಾನೂ ಬರ್ಲಾ?"

"ಅಯ್ಯೋ, ಆ ಬಿಸ್ಲು ನಿಮ್ಗ್ಯಾಕೆ ಅಳಿಯಂದ್ರೆ? ಆಪೀಸ್ನೋರು ನೀವು. ಪ್ಯಾನ್ ಕೆಳ್ಗೆ ಆರಾಮಾಗಿ ಕೂತ್ಕಳಿ."

ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಅಲ್ಲಿ ಫ್ಯಾನ್ ಇರುವುದು ನಿಜ. ಆದರೆ ಅದನ್ನು ಮಾವನವರು ಹೇಳಿದ ರೀತಿಯಿಂದ ನನಗೆ ಬಹಳ ನೋವಾಯಿತು.

ಹೀಗಿರುವಾಗ ಈ ವರ್ಷ ಗಣೇಶನ ಹಬ್ಬ ಮುಗಿದ ವಾರ ಮಾವನವರ ಹಳೆಯ ಗಾಳದ ಕೋಲು ಬಸ್ಸಿನ ಬಾಗಿಲಿಗೆ ಸಿಕ್ಕಿ ಎರಡಾಯಿತು. ಸುದ್ದಿ ಕೇಳಿ ನನ್ನ ಹೆಂಡತಿ ರೂಪಶ್ರೀ ಊಟ ಬಿಟ್ಟಳು. ನಾನು ಮಾತ್ರ ಎರಡು ಮುದ್ದೆ ಉಂಡೆ, ಏಕೆಂದರೆ ನನಗೊಂದು ಉಪಾಯ ಹೊಳೆದಿತ್ತು. ಅಂಗಡಿಯ ಕೋಲನ್ನು ಯಾರು ಬೇಕಾದರೂ ತರಬಹುದು, ಶಶಿಕುಮಾರನೂ ತರಬಹುದು. ಅಳಿಯ ತನ್ನ ಕೈಯಾರೆ ಕಟ್ಟಿಕೊಟ್ಟ ಕೋಲು ಹಿಡಿದ ಮೇಲೆ, ಆ ಅಳಿಯನನ್ನು ಬಂಡೆಯ ಮೇಲೆ ಕೂರಿಸದೆ ಇರಲು ಯಾವ ಮಾವನಿಗೆ ಮನಸ್ಸು ಬಂದೀತು?

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬರಿಯ ಕೋಲು ಪಾರ್ಸೆಲ್‌ನಲ್ಲಿ ಬರುತ್ತದೆ. ಗಾಳದ ದಾರ ಹಾಯಲು ಅದರ ಉದ್ದಕ್ಕೂ ಏಳು ಉಂಗುರ ಕೂರಿಸಬೇಕು. ಒಂದೊಂದು ಉಂಗುರದ ಕಾಲನ್ನೂ ಕೋಲಿಗೆ ಒತ್ತಿ, ಸಣ್ಣ ರೇಷ್ಮೆ ದಾರದಿಂದ, ಸುತ್ತಿನ ಪಕ್ಕಕ್ಕೆ ಸುತ್ತು, ನಡುವೆ ಸಂದಿಲ್ಲದಂತೆ ಸುತ್ತಬೇಕು. ಅದರ ಮೇಲೆ, ಎರಡು ಬಾಟಲಿ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ಒಂದು ಲೇಪ ಹಚ್ಚಬೇಕು. ಹಚ್ಚಿದ ಮೇಲೆ ಕೋಲು ಏಳೆಂಟು ಗಂಟೆ ನಿಧಾನವಾಗಿ ತಿರುಗುತ್ತಲೇ ಇರಬೇಕು. ನಿಂತರೆ ಲೇಪವೆಲ್ಲ ಒಂದು ಕಡೆ ಇಳಿದು ಗಂಟು ಕಟ್ಟುತ್ತದೆ. ಇದಕ್ಕೆಂದೇ ಯಂತ್ರ ಸಿಗುತ್ತದಂತೆ. ನಾನು ಆ ಯಂತ್ರವನ್ನೇ ಮನೆಯಲ್ಲಿ ನಿರ್ಮಿಸಲು ತೀರ್ಮಾನಿಸಿದೆ. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿದ್ದೆ.

ಯಂತ್ರದ ಬುಡಕ್ಕೆ ಗಟ್ಟಿ ಹಲಗೆ ಬೇಕಿತ್ತು. ಅಟ್ಟದ ಮೇಲೆ ಧೂಳು ಹಿಡಿದು ಒಂದು ಹಲಸಿನ ಮಣೆ ಬಿದ್ದಿತ್ತು. ಅದಕ್ಕೆ ಎರಡು ಗೂಟ ಬಡಿದು, ಕೋಲು ಕೂರಲು ಗೂಟದ ತಲೆಯಲ್ಲಿ ಕಚ್ಚು ಕೊಯ್ದೆ. ಕೋಲಿಗೆ ಗೀರಾಗದಿರಲೆಂದು ಕಚ್ಚಿಗೆ ಮಖಮಲ್ಲು ಅಂಟಿಸಿದೆ. (ಮಖಮಲ್ಲು ಎಲ್ಲಿಂದ ಬಂತು ಎಂಬುದು ಒಂದು ರವಿಕೆಗೆ ಸಂಬಂಧಿಸಿದ ವಿಷಯ. ಇತ್ಯರ್ಥವಾಗಿದೆ.)

ರೂಪಶ್ರೀ ಬಂದು ನೋಡಿದಳು. "ರೀ, ಇದು ನಮ್ಮ ಮದ್ವೆ ಹಸೆಮಣೆ ಅಲ್ವಾ?"

"ಸುಮ್ನೆ ಬಿದ್ದಿತ್ತಲ್ಲ, ಯಾರೂ ಕೂರ್ತಿರ್ಲಿಲ್ಲ."

"ಅವತ್ತು ಕೂತಿದ್ದೇ ತಪ್ಪಾಯ್ತು ಅಂತ ಈಗ ಗೊತ್ತಾಗ್ತೈತೆ," ಎಂದು ಒಳಗೆ ಹೋದಳು.

ದಾರ ಬಿಗಿಯಾಗಿ ಬರಲು ಅದನ್ನು ಭಾರವಾದ ಪುಸ್ತಕದ ಹಾಳೆಗಳ ನಡುವೆ ಹಾಯಿಸಬೇಕು. ಕಚೇರಿಯಿಂದ ಒಂದು ದಪ್ಪ ನಿಯಮಾವಳಿ ತಂದು, ಮೇಲೆ ರುಬ್ಬುವ ಗುಂಡು ಇಟ್ಟೆ. ಆ ನಿಯಮಾವಳಿ ಏನನ್ನಾದರೂ ಬಿಗಿಯಾಗಿ ಹಿಡಿದದ್ದನ್ನು ನನ್ನ ಸೇವಾವಧಿಯಲ್ಲಿ ಅಂದೇ ಮೊದಲು ನೋಡಿದ್ದು. ದಾರಕ್ಕೆ ತೊಂದರೆಯಿರಲಿಲ್ಲ. ರೂಪಶ್ರೀ ಸೀರೆಗೆ ಕುಚ್ಚು ಕಟ್ಟುತ್ತಾಳೆ. ನಮ್ಮ ಬಡಾವಣೆಯ ಅರ್ಧ ಸೆರಗುಗಳು ಅವಳ ಕೈಯಲ್ಲೇ ಹಾದುಹೋಗುವುದು. ಅವಳ ಡಬ್ಬಿಯಿಂದ ಒಂದು ಮೆರೂನ್ ರೇಷ್ಮೆ ಉಂಡೆಯನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆದೆ.

ಉಳಿದದ್ದು ಮೋಟಾರು. ಮಿಕ್ಸಿಯದನ್ನು ಯೋಚಿಸಿದೆ, ಕೋಲು ಹಾಸನ ಬಿಟ್ಟು ಅರಕಲಗೂಡು ಸೇರುತ್ತಿತ್ತು. ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುವ ಸಾಧು ಮೋಟಾರು ಬೇಕಿತ್ತು. ಒಂದು ದಿನ ಕೈಮುಗಿದು ನಿಂತಿದ್ದಾಗ ಅದು ನನ್ನ ಕಣ್ಣೆದುರೇ ತಿರುಗುತ್ತಿತ್ತು. ನಮ್ಮ ದೇವರ ಮನೆಯಲ್ಲಿ ರಂಗನಾಥಸ್ವಾಮಿಯ ಫೋಟೋ ಹಿಂದೆ ಬಣ್ಣದ ದೀಪಗಳ ಒಂದು ಚಕ್ರ ಇದೆ. ಅವ್ವ ಜಾತ್ರೆಯಲ್ಲಿ ಆಸೆಪಟ್ಟು ತಂದದ್ದು. ನಾನು ಸ್ವಾಮಿಗೆ ಕ್ಷಮೆ ಕೇಳಿ ಮೋಟಾರು ಬಿಚ್ಚಿದೆ.

ನನ್ನ ಅವ್ವ ಬೆಟ್ಟಮ್ಮ ಮಲ್ಲಿಪಟ್ಟಣದ ಕಡೆಯವಳು. ದೀಪ ಹಚ್ಚುವ ಹೊತ್ತಿಗೆ ಕೂಗು ಬಂತು.

"ಲೇ ರವೀ, ಸ್ವಾಮಿ ಚಕ್ರ ಯಾಕ್ಲಾ ನಿಂತೋಗೈತೆ?"

"ಕರೆಂಟಿಲ್ಲ ಕಣವ್ವ."

"ನಿನ್ ತಲೆ ಮ್ಯಾಲೆ ಪ್ಯಾನ್ ತಿರುಗ್ತಾ ಐತಲ್ಲ?"

ನಾನು ತಲೆಯೆತ್ತಿ ನೋಡಿದೆ. ತಿರುಗುತ್ತಿತ್ತು.

ವಿಷಯ ಪೂರ್ತಿ ಹೇಳಬೇಕಾಯಿತು. ಬಂಡೆಯ ಮಾತು ಬಂದಾಗ ಅವ್ವ ಸ್ವಲ್ಪ ಮೆತ್ತಗಾದಳು. ಮಗನನ್ನು ಬಿಟ್ಟು ಶಶಿಕುಮಾರನನ್ನು ಕೂರಿಸಿಕೊಂಡದ್ದು ಅವಳಿಗೂ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಕೊನೆಗೆ ಅಪ್ಪಣೆಯಾಯಿತು: "ದೇವ್ರ ಮೋಟ್ರು ದೇವ್ರ ಮನೆ ಬುಟ್ಟು ಆಚೀಕೆ ಬರಕೂಡ್ದು. ಬೇಕಾರೆ ಆ ಕೋಲ್ನೇ ಒಳೀಕೆ ತಗಂಬಾ."

"ಗಾಳದ ಕೋಲು, ದೇವ್ರ ಮನೆಗಾ?" ಎಂದಳು ರೂಪಶ್ರೀ.

"ಇನ್ನೂ ಮೀನು ಮುಟ್ಟಿಲ್ಲ, ಹೊಸಾದು," ಎಂದೆ.

ಅವ್ವ ಯೋಚಿಸಿದಳು. "ಅಂಗಾರೆ ಸರಿ. ಮುಟ್ಟಿದ್ ಮ್ಯಾಕೆ ಇತ್ತಾಗೆ ತಂದೀಯ, ಉಸಾರು."

ಹೀಗೆ ಮೋಟಾರನ್ನು ಸ್ವಾಮಿಯ ಪಕ್ಕ, ಬಾಗಿಲಿಗೆ ಮುಖ ಮಾಡಿ ಕೂರಿಸಿದೆ. ಶ್ಯಾಂಪೂ ಬಾಟಲಿಯ ಮುಚ್ಚಳವೊಂದು ಕೋಲಿನ ಬುಡವನ್ನು ಹಿಡಿದುಕೊಂಡಿತು. ಬುಡ ದೇವರ ಮನೆಯಲ್ಲಿ, ತುದಿ ನಡುಮನೆಯ ಹಸೆಮಣೆಯ ಮೇಲೆ. ಅಡುಗೆಮನೆಗೆ ಹೋಗುವವರೆಲ್ಲ ಅದನ್ನು ದಾಟಿಕೊಂಡು ಹೋಗಬೇಕಿತ್ತು. ಸ್ವಿಚ್ ಹಾಕಿದೆ. ತಿರುಗಿತು! ಅಷ್ಟು ಸಂತೋಷ ನನಗೆ ಪ್ರಮೋಷನ್ ಆದಾಗಲೂ ಆಗಿರಲಿಲ್ಲ.

ಆದರೆ ಸುತ್ತುವುದು ನನ್ನಿಂದ ಆಗಲಿಲ್ಲ. ಎಂಟು ಸಂಜೆ ಕೂತೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿತು, ಎರಡು ಸುತ್ತಿನ ನಡುವೆ ಕೋಲು ಇಣುಕಿತು, ಉಂಗುರ ಒಂದು ಪೂರ್ವಕ್ಕೆ ನೋಡಿದರೆ ಇನ್ನೊಂದು ಈಶಾನ್ಯಕ್ಕೆ ತಿರುಗಿತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಆಯುಧ ಪೂಜೆಯ ಮುನ್ನಾದಿನ ನಾನು ಬಿಚ್ಚಿದ ದಾರದ ಗುಡ್ಡೆಯ ನಡುವೆ ಕೂತಿದ್ದಾಗ ರೂಪಶ್ರೀ ಕುಕ್ಕರ್ ಇಟ್ಟು ಬಂದಳು.

"ಆಶಾರಾಣಿ ಟೀಚರ್ ಸೀರೆ ದಾರ ಕಣ್ರೀ ಅದು. ಪೂರಾ ಹಾಳ್ಮಾಡೋಕೆ ಮುಂಚೆ ಕೊಡಿ ಇಲ್ಲಿ."

"ಇದು ಕುಚ್ಚಲ್ಲ ರೂಪಾ, ತಾಂತ್ರಿಕ ಕೆಲಸ. ಬಿಗಿ ಒಂದೇ ಸಮ ಇರಬೇಕು, ಅದಕ್ಕೇ ಪುಸ್ತಕ..."

ಅವಳು ಪುಸ್ತಕವನ್ನು ಪಕ್ಕಕ್ಕೆ ತಳ್ಳಿದಳು. ಹಸೆಮಣೆಯನ್ನೂ ತಳ್ಳಿದಳು. ನೆಲದ ಮೇಲೆ ಕೂತು, ಕೋಲಿನ ತುದಿ ಕಿಟಕಿಗೆ ಆನಿಸಿ, ದಾರವನ್ನು ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಾಯಿಸಿ, ಟಿವಿ ಧಾರಾವಾಹಿ ನೋಡುತ್ತಾ ಕೋಲು ತಿರುಗಿಸಲು ಶುರುಮಾಡಿದಳು. ಕೈಯನ್ನು ನೋಡಲೇ ಇಲ್ಲ. ಕುಕ್ಕರ್ ಕೂಗಿ, ತಣ್ಣಗಾಗಿ, ಅವಳು ಎದ್ದಾಗ ಏಳು ಉಂಗುರವೂ ಸಾಲಾಗಿ ಒಂದೇ ದಿಕ್ಕು ನೋಡುತ್ತಿದ್ದವು. ದಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆಯೆಂದು ಭೂತಗನ್ನಡಿಯಲ್ಲೂ ಕಾಣಲಿಲ್ಲ.

ನಾನು ಬಿಚ್ಚಿದ ದಾರದ ಗುಡ್ಡೆಯನ್ನು ಗುಡಿಸಿ ಬಂದು ಕೇಳಿದೆ. "ಮಾವಂಗೆ ನಾನೇ ಮಾಡಿದ್ದು ಅಂತ ಹೇಳ್ಲಾ?"

"ಹೇಳ್ಕಳಿ. ನಂಗೇನು?" ಎಂದು ಅನ್ನ ಬಡಿಸಲು ಹೋದಳು. ನನ್ನ ಹೆಂಡತಿ ದೊಡ್ಡ ಮನಸ್ಸಿನವಳು.

ಮರುದಿನ ಆಯುಧ ಪೂಜೆ. ಬೆಳಗ್ಗೆ ಸ್ನಾನ ಮಾಡಿ, ಲೇಪ ಬೆರೆಸಿ ಹಚ್ಚಿ, ಕೋಲನ್ನು ಮೋಟಾರಿಗೆ ಕೊಟ್ಟು, ಬೂದುಗುಂಬಳಕಾಯಿ ತರಲು ಮಾರ್ಕೆಟ್ಟಿಗೆ ಹೋದೆ. ಯಾರೂ ಮುಟ್ಟಬೇಡಿ ಎಂದು ಹೇಳಲು ಮರೆತೆನೆಂದು ಮನೆಯವರು ಹೇಳುತ್ತಾರೆ. ಹೇಳುವ ಅಗತ್ಯವಿದೆಯೆಂದು ನನಗೆ ಅನ್ನಿಸಿರಲಿಲ್ಲ.

ಆಯುಧ ಪೂಜೆಯ ದಿನ ಅವ್ವ ಯಾವುದನ್ನೂ ಬಿಡುವುದಿಲ್ಲ. ಸ್ಕೂಟರು, ಹೊಲಿಗೆ ಮಿಷನ್ನು, ಮಿಕ್ಸಿ, ಈಳಿಗೆಮಣೆ, ನನ್ನ ಸ್ಟೇಪ್ಲರ್, ಟಿವಿ ರಿಮೋಟು, ಎಲ್ಲಕ್ಕೂ ಅರಿಶಿನ ಕುಂಕುಮ, ತಲೆಗೊಂದು ಸೇವಂತಿಗೆ. ಅಂಥವಳ ಎದುರಿಗೆ, ದೇವರ ಮನೆಯಲ್ಲೇ, ಹೊಚ್ಚ ಹೊಸ ಆಯುಧವೊಂದು ಮಿರಮಿರ ಹೊಳೆಯುತ್ತಾ ತಿರುಗುತ್ತಿದೆ. ನಾನು ಬರುವಷ್ಟರಲ್ಲಿ ಏಳು ಉಂಗುರದ ಬುಡಕ್ಕೂ ಹಸಿ ಲೇಪದ ಮೇಲೆ ಅರಿಶಿನದ ಒಂದು ಪಟ್ಟಿ, ಕುಂಕುಮದ ಒಂದು ಪಟ್ಟಿ ಸುತ್ತಲೂ ಬಿದ್ದಿದ್ದವು. ಹಿಡಿಯ ಹತ್ತಿರ ನಾಲ್ಕು ಸೇವಂತಿಗೆ ಎಸಳು ಅಂಟಿಕೊಂಡು ಸ್ವಾಮಿಯ ಪಕ್ಕದಲ್ಲಿ ಸುತ್ತು ಹಾಕುತ್ತಿದ್ದವು.

"ಅವ್ವಾ! ಏನ್ ಮಾಡ್ದೆ?"

"ಯಾಕ್ಲಾ? ಬಲೇ ಚೆಂದಾಗದೆ ಕಣ್ಲಾ ನಿನ್ ಮಿಷಿನ್ನು. ಸುಮ್ಕೆ ಬೆರ್ಳು ಮಡಿಕಂಡಿದ್ರೆ ಸಾಕು, ಅದೇ ತಿರುಗ್ಕಂಡು ಅಚ್ಕತದೆ. ಸ್ಕೂಟ್ರಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು."

ಒರೆಸಲು ನೋಡಿದೆ. ಕುಂಕುಮ ಅಗಲವಾಯಿತು. ಒರೆಸುವುದನ್ನು ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಅರಿಶಿನ, ಕುಂಕುಮ, ಎಸಳು ಎಲ್ಲವೂ ಗಾಜಿನೊಳಗೆ ಶಾಶ್ವತವಾಗಿ ನೆಲೆಸಿದವು. ಲೇಪ ಮಾತ್ರ ಎಲ್ಲೂ ಇಳಿದಿರಲಿಲ್ಲ. ಎಲ್ಲ ಕಡೆ ಒಂದೇ ಸಮ ಇತ್ತು. ಇದನ್ನು ಇದುವರೆಗೆ ಯಾರೂ ಗಮನಿಸಿಲ್ಲ.

ವಿಜಯದಶಮಿಗೆ ಮಾವನವರು ಬಂದರು. ನಾನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೊದಲು ಕುಂಕುಮ ನೋಡಿದರು.

"ಇದೇನ್ ಬೀಗಿತ್ತಿ?"

"ಆಯುಧ ಪೂಜೆ ಅಲ್ವಾ ಬೀಗ್ರೆ," ಎಂದಳು ಅವ್ವ.

"ತೊಳುದ್ರೆ ಓಯ್ತದಾ?"

"ಓಗಕಿಲ್ಲ."

"ಒಳ್ಳೇದೇ ಆಯ್ತು ಬುಡಿ." ಆಮೇಲೆ ಉಗುರಿನಿಂದ ದಾರದ ಸುತ್ತುಗಳನ್ನು ಒಂದೊಂದಾಗಿ ಸವರಿದರು. ಕೊನೆಯ ಉಂಗುರದ ಹತ್ತಿರ ಉಗುರು ನಿಂತಿತು. "ದಾರ ಸುತ್ತಿದ್ದು ಯಾರು?"

"ನಾನೇ ಮಾವ," ಎಂದೆ.

ಮಾವನವರು ನನ್ನನ್ನು ನೋಡಲಿಲ್ಲ. "ಬಾಲ ಒಳೀಕ್ ಆಕಿ, ಎಡಗಡೀಕೆ ಎಳ್ದು, ಗಂಟೇ ಕಾಣ್ದಂಗೆ ಮುಚ್ಚೈತೆ. ಇದು ನಮ್ಮಪ್ಪನ ಗಂಟು. ನಾನು ಒಬ್ರಿಗೇ ಏಳ್ಕೊಟ್ಟಿದ್ದು, ಅವಳಿಗೆ ಆಗ ಎಂಟೊರ್ಸ." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು. "ಇನ್ನೂ ಮರ್ತಿಲ್ವಾ ಮಗ?"

"ಅದ್ರಲ್ಲೇ ಅಲ್ವಾ ಅಪ್ಪ ನಾನು ಕುಚ್ಚು ಕಟ್ಟೋದು," ಎಂದಳು ರೂಪಶ್ರೀ. ಅವಳ ಕಣ್ಣು ಒದ್ದೆಯಾಗಿತ್ತು.

ಮದುವೆಗೆ ಮುಂಚೆ ಪ್ರತಿ ಭಾನುವಾರ ಆ ಬಂಡೆಯ ಮೇಲೆ ಅಪ್ಪನ ಪಕ್ಕ ಕೂರುತ್ತಿದ್ದವಳು ಇವಳೇ ಅಂತೆ. ಹದಿನೆಂಟು ವರ್ಷ ಇದನ್ನು ನನಗೆ ಹೇಳಿರಲಿಲ್ಲ. (ಹೇಳಿದ್ದಳಂತೆ, ಎರಡು ಸಲ. ಎರಡು ಸಲವೂ ನಾನು ಅವಳಿಗೆ ಬಂಡೆಯ ವಿಷಯ ವಿವರಿಸುತ್ತಿದ್ದೆನಂತೆ.) ನನಗೆ ನಿಜಕ್ಕೂ ನಾಚಿಕೆಯಾಯಿತು.

"ಹಂಗಾರೆ ಇದ್ರಲ್ಲಿ ನಿಮ್ದೇನು ಅಳಿಯಂದ್ರೆ?" ಮಾವನವರು ಕೇಳಿದರು.

"ಮಿಷಿನ್ ಪೂರಾ ಅವ್ರೇ ಮಾಡಿದ್ದು ಅಪ್ಪ," ಎಂದಳು ರೂಪಶ್ರೀ ಬೇಗನೆ. ದೊಡ್ಡ ಮನಸ್ಸೆಂದು ಆಗಲೇ ಹೇಳಿದೆನಲ್ಲ.

ಮಾವನವರು ಎದ್ದು ಹೋಗಿ ಯಂತ್ರವನ್ನು ಸುತ್ತಲೂ ನೋಡಿದರು. ಗೂಟ ಅಲ್ಲಾಡಿಸಿದರು. ಬಗ್ಗಿ ಹಲಗೆಯನ್ನು ತಟ್ಟಿದರು.

"ಇದು ನಾನು ಅರಕಲಗೂಡಲ್ಲಿ ಮುಂದೆ ನಿಂತು ಮಾಡ್ಸಿದ್ ಹಸೆಮಣೆ ಅಲ್ವಾ?"

ಯಾರಿಗಾದರೂ ಕಾಫಿ ಬೇಕೇ ಎಂದು ಕೇಳಿದೆ.

ಹೊರಡುವಾಗ ಮಾವನವರು ಕೋಲನ್ನು ಪಂಚೆಯಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ಚಪ್ಪಲಿ ಮೆಟ್ಟಿ, "ಭಾನ್ವಾರ ಬೆಳಿಗ್ಗೆ ಮೊದುಲ್ನೇ ಬಸ್ಸಿಗೆ ಬಾ ಮಗ," ಎಂದರು ಮಗಳಿಗೆ. ನಾನು ಅವರನ್ನೇ ನೋಡುತ್ತಾ ನಿಂತಿದ್ದೆ. ಗೇಟಿನವರೆಗೆ ಹೋದವರು ತಿರುಗಿ ನೋಡಿದರು. "ಬಿಸ್ಲು ಜಾಸ್ತಿ ಅಳಿಯಂದ್ರೆ," ಎಂದರು.

ಇಂದು ಆ ಭಾನುವಾರ. ರೂಪಶ್ರೀ ನನ್ನ ಟೋಪಿ ಹಾಕಿಕೊಂಡು ಹೋಗಿದ್ದಾಳೆ. ನಾನು ಫ್ಯಾನಿನ ಕೆಳಗೆ ಹಸೆಮಣೆಯ ಮುಂದೆ ಕೂತಿದ್ದೇನೆ. ಎರಡು ಗೂಟಕ್ಕೂ ಆಶಾರಾಣಿ ಟೀಚರ್ ಸೀರೆಯ ಸೆರಗು ಬಿಗಿದಿದೆ, ಸೋಮವಾರ ಕೊಡಬೇಕು. ನಾನು ಖಾಲಿ ಮಾಡಿದ ಮೆರೂನ್ ದಾರದ ಬದಲಿಗೆ ಹಾಸನದ ನಾಲ್ಕು ಅಂಗಡಿ ಅಲೆದು ಹೊಸದು ತಂದಿದ್ದೇನೆ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ ಮಾಡುತ್ತಿದ್ದಾಳೆ. ಕುಚ್ಚು ಕಟ್ಟಲು ಈ ಯಂತ್ರ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದ್ದಾರೆ. ಸ್ವಾಮಿಯ ಚಕ್ರ ಸ್ವಾಮಿಯ ಹಿಂದೆ ತಿರುಗುತ್ತಿದೆ.

ಈಗ ತಾನೆ ಮೊಬೈಲಿಗೆ ಒಂದು ಫೋಟೋ ಬಂತು. ಬಂಡೆಯ ಮೇಲೆ ಮಾವ, ಪಕ್ಕದಲ್ಲಿ ರೂಪಶ್ರೀ, ಅವಳ ತೊಡೆಯಷ್ಟು ದಪ್ಪದ ಒಂದು ಕಾಟ್ಲಾ ಮೀನು. ಮದುವೆ ಫೋಟೋದಲ್ಲಿ ಕೂಡ ಅವಳು ಹೀಗೆ ನಕ್ಕಿರಲಿಲ್ಲ. ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಂಡೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಖಂಡಿತ ಇದೆ. ಅಲ್ಲಿ ಅವಳ ವ್ಯಾನಿಟಿ ಬ್ಯಾಗು ಇಟ್ಟಿದ್ದಾರೆ.

ಕೆಳಗೆ ಎರಡು ಸಾಲು ಬರೆದಿದ್ದಳು. "ಮಸಾಲೆ ರುಬ್ಬಿಡಿ. ಕುಚ್ಚು ಎಷ್ಟಾಯ್ತು?"

ಅರ್ಧ ಆಗಿತ್ತು ಎಂದು ಬರೆದೆ. ಸಾಲು ವಾರೆಯಾಗಿದೆಯೆಂದು ಅವ್ವ ಈಗಷ್ಟೇ ಬಿಚ್ಚಿಸಿದ್ದಾಳೆ.