ಅಧ್ಯಕ್ಷರ ಮನೆಯ ಸಮುದ್ರ

ಬೆಳಗ್ಗೆ ಏಳೂವರೆಗೆ ಅಧ್ಯಕ್ಷರ ಮನೆಯ ಬೀಗ ತೆಗೆದು ಪಡಸಾಲೆಗೆ ಕಾಲಿಟ್ಟ ಕೆಂಚೇಶನ ಎದೆ ಧಸಕ್ಕೆಂದಿತು. ಗಾಜಿನ ತೊಟ್ಟಿಯೊಳಗಿನ ಬಿಳಿ ಕಲ್ಲುಗಳು ಗಡ್ಡ ಬಿಟ್ಟಿದ್ದವು. ನಾಲ್ಕು ದಿನದ ಹಿಂದೆ ಪಡ್ಡೆ ಹುಡುಗನ ಮೀಸೆಯಷ್ಟಿದ್ದ ಹಸಿರು ಪಾಚಿ, ಈಗ ಹರಕೆ ಹೊತ್ತವನ ಗಡ್ಡದಂತೆ ಇಳಿಬಿದ್ದು ಆರಾಮಾಗಿ ಓಲಾಡುತ್ತಿತ್ತು. ಗಾಜಿಗೂ ಹಸಿರು ಬಳಿದುಕೊಂಡಿತ್ತು. ಅದರ ಹಿಂದೆ ಎರಡು ಕೇಸರಿ ಮೀನುಗಳು, ಮಂಜಿನಲ್ಲಿ ಸಿಕ್ಕ ಬಸ್ಸಿನ ದೀಪಗಳ ಹಾಗೆ, ಆಗೊಮ್ಮೆ ಈಗೊಮ್ಮೆ ಮಿನುಗುತ್ತಿದ್ದವು.

ಕೆಂಚೇಶ ಚನ್ನಗಿರಿ ಸೀಮೆಯ ಹುಣಸೆಕುಂಟೆ ಪಂಚಾಯ್ತಿಯ ನೀರುಗಂಟಿ. ಹನ್ನೊಂದು ವರ್ಷದಿಂದ ಊರಿಗೆ ನೀರು ಬಿಡುತ್ತಿದ್ದಾನೆ. ಹನ್ನೊಂದು ವರ್ಷದಿಂದಲೂ ತಾತ್ಕಾಲಿಕ. ಊರಿನ ಬಾಯಾರಿಕೆ ಖಾಯಂ, ಅದನ್ನು ತಣಿಸುವವನು ಮಾತ್ರ ತಾತ್ಕಾಲಿಕ! ಅಧ್ಯಕ್ಷ ಮಹೇಶ್ವರಪ್ಪನವರು ಮಂಗಳೂರಿನಿಂದ ಈ ಉಪ್ಪುನೀರಿನ ಅಕ್ವೇರಿಯಂ ತಂದ ದಿನವೇ ಅವನನ್ನು ಕರೆಸಿ, "ನೀರುಗಂಟಿ ಅಂದ್ಮೇಲೆ ಸಮುದ್ರದ ನೀರೂ ನಿನ್ನ ಲೆಕ್ಕಕ್ಕೇ ಕಣಲೇ" ಎಂದು ಅದರ ಚಾಕರಿಯನ್ನೂ ಹೆಗಲಿಗೇರಿಸಿದ್ದರು. ಸಮುದ್ರವನ್ನು ಕೆಂಚೇಶ ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಮೀನಿನ ವಾಸನೆ ಬಡಿದರೆ ತಲೆಗೆ ನೀರು ಹಾಕಿಕೊಳ್ಳುವ ಆ ಮನೆಯಲ್ಲಿ ಮೀನಿಗೊಂದು ಎಸಿ, ಕರೆಂಟು ಹೋದೀತೆಂದು ಎಸಿಗೊಂದು ಜನರೇಟರು.

ಹತ್ತು ದಿನದ ಕಾಶಿಯಾತ್ರೆಗೆ ಹೊರಡುವಾಗ ಅಧ್ಯಕ್ಷರು ಬೀಗದ ಕೈ ಕೊಟ್ಟು ಹೇಳಿದ್ದು ಒಂದೇ ಮಾತು: "ಮೀನಿಗೇನಾದ್ರೂ ಆಯ್ತೋ, ನಿನ್ನ ಖಾಯಂ ಫೈಲು ಅದೇ ತೊಟ್ಟಿಯಾಗೆ ಮುಳುಗ್ತೈತೆ."

ಆ ಮಾತು ಕೆಂಚೇಶನನ್ನು ಹತ್ತು ದಿನ ಆಟವಾಡಿಸಿತು. ಕತ್ತಲಲ್ಲಿ ಮೀನು ಹೆದರಿಯಾವೆಂದು ಹಗಲೂ ರಾತ್ರಿ ದೀಪ ಹಚ್ಚಿಯೇ ಬಿಟ್ಟ. ಹಸಿದು ಸತ್ತಾವೆಂದು ದಿನಕ್ಕೆ ಆರು ಸಲ ಕಾಳು ಹಾಕಿದ. ತೊಟ್ಟಿಗೆ ಕ್ಯಾನಿನ ನೀರು ಕೊಡುತ್ತಿದ್ದ ಊರಿನ ಶುದ್ಧ ನೀರಿನ ಘಟಕ ಕೆಟ್ಟು ಕೂತಾಗ, ತೊಟ್ಟಿಯ ನೀರು ಇಳಿಯಿತೆಂದು ಗಾಬರಿಯಾಗಿ ನಲ್ಲಿ ನೀರನ್ನೇ ಕೊಡಗಟ್ಟಲೆ ಸುರಿದ.

ಇವತ್ತು ಆ ಗಡ್ಡದೆದುರು ನಿಂತಿದ್ದಾಗಲೇ ಜೇಬಿನ ಫೋನು ಹೊಡೆದುಕೊಂಡಿತು, ಅಧ್ಯಕ್ಷರದು. "ಲೇ ಕೆಂಚ, ಸಂಜಿ ಐದಕ್ಕೆ ಮನೆಯಾಗಿರ್ತೀವಿ. ಹೊನ್ನಾಳಿಯವರು, ನ್ಯಾಮತಿಯವರು, ಜಗಳೂರಿನವರು, ಮೂರೂ ಜನ ದೋಸ್ತರು ಬರ್ತವ್ರೆ. ನನ್ನ ನೋಡಿ ಅವರೂ ಇಂಥವೇ ತಂದಿದ್ರು, ಅವೆಲ್ಲಾ ಗಬ್ಬೆದ್ದು ಹೋಗ್ಯಾವಂತೆ. ನಂದು ಹೆಂಗೈತೆ ಅಂತ ತೋರಿಸ್ಬೇಕು. ಚೆನ್ನಾಗೈತೆ ತಾನೆ?"

"ಹಸ್ರಾಗೈ… ಹಸನಾಗೈತೆ ಅಧ್ಯಕ್ಷ್ರೇ."

"ನಾಳೆ ಮೀಟಿಂಗು. ನಿನ್ನ ಫೈಲಿಗೆ ಸಹಿ ಹಾಕೋ ಪೆನ್ನು ನನ್ನ ಜೇಬಿನಾಗೇ ಐತೆ, ನೆಪ್ಪಿರ್ಲಿ."

ಫೋನಿಟ್ಟ ಕೆಂಚೇಶ ಬಾಗಿಲ ಕಡೆ ತಿರುಗಿದ.

ಬಾಗಿಲಲ್ಲಿ ಕರಿಯಕ್ಕ ನಿಂತಿದ್ದಳು. ಕೆಳಗೇರಿಯವಳು, ಬಾಯಿಗೆ ಬೀಗವಿಲ್ಲದವಳು. ಕೈಯಲ್ಲೊಂದು ಬಾಟ್ಲಿ, ಅದರ ತುಂಬ ಹಸಿರು ನೀರು.

"ಅಧ್ಯಕ್ಷ ಬಂದ್ನೇನೋ? ನೋಡಪ್ಪಾ, ನಮ್ಮ ಕೇರಿ ನಲ್ಲಿಯಾಗೆ ಬರೋ ತೀರ್ಥ. ಟ್ಯಾಂಕು ತೊಳೆದು ಎಷ್ಟು ತಿಂಗಳಾತು?"

"ಎಂಟು. ನಾನೊಬ್ಬ ಎಲ್ಲಿ ಅಂತ ಸಾಯ್ಲಿ ಕರಿಯಕ್ಕಾ? ದಿನಾ ಇಲ್ಲೇ ಹಾಳಾಗ್ತೈತೆ. ಖಾಯಂ ಆಗ್ಲಿ ತಡಿ, ಮೊದಲ್ನೇ ದಿನಾನೇ ತೊಳಿತೀನಿ."

"ನೀನು ಖಾಯಂ ಆಗೋ ಹೊತ್ತಿಗೆ ನಾವು ಕಪ್ಪೆ ಆಗಿರ್ತೀವಿ ಬಿಡು. ಮೀನಿಗೆ ಕ್ಯಾನಿನ ನೀರು, ಮನುಷ್ಯರಿಗೆ ಪಾಚಿ ನೀರು!" ಎಂದವಳೇ ಬಾಟ್ಲಿಯನ್ನು ತೊಟ್ಟಿಯ ಪಕ್ಕದ ಮೇಜಿನ ಮೇಲೆ ಕುಕ್ಕಿದಳು. "ಇಲ್ಲೇ ಇರ್ಲಿ. ಅವನು ಬಂದ್ಕೂಡ್ಲೇ ಕಣ್ಣಿಗೆ ಬೀಳಬೇಕು. ಸಂಜೀಕೆ ಬರ್ತೀನಿ."

ಅವಳ ಬೆನ್ನಿಗೇ ಎದುರುಮನೆಯ ಹಾಲಸ್ವಾಮಿ ಒಳಗೆ ಬಂದ. ಅಡಿಕೆ ಬೆಳೆಗಾರ, ಕೇಳದವರಿಗೂ ಸಲಹೆ ಕೊಡುವುದು ಅವನ ಉಪಬೆಳೆ. ತೊಟ್ಟಿಗೆ ಮೂಗೊತ್ತಿ ನೋಡಿ ನಕ್ಕ.

"ಇದಕ್ಕೆ ಹೆದರ್ತೀಯೇನೋ? ನಮ್ಮ ಅಡಿಕೆ ಕೊಳೆರೋಗಾನೇ ಬಗ್ಗಿಸಿದೋನು ನಾನು. ಇರು." ಎರಡೇ ನಿಮಿಷದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತದ ಪೊಟ್ಟಣ ಹಿಡಿದು ಬಂದ. "ಒಂದು ಹಿಡಿ ಹಾಕಿದ್ರೆ ಪಾಚಿ ವಂಶಾನೇ ನಿರ್ವಂಶ!"

"ಮೀನು?"

"ಮೀನಿಗೇನು ಕೊಳೆರೋಗ ಐತಾ? ಸುಮ್ಕಿರು."

ಪೊಟ್ಟಣ ತೊಟ್ಟಿಯ ಮೇಲೆ ಬಾಗಿತು. ಅದೇ ಹೊತ್ತಿಗೆ ಬಾಗಿಲಿಂದ, "ಅಯ್ಯೋ ಬ್ಯಾಡ್ರೀ! ಒಳಗಿರೋ ಜೀವ ಎಲ್ಲಾ ಸಾಯ್ತಾವೆ!" ಎಂಬ ಕೂಗು ಕೇಳಿತು. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಕಲ್ಪನಾ. ಕೆಂಚೇಶ ಹಿಂದುಮುಂದು ನೋಡದೆ ಹಾರಿದ. ಪೊಟ್ಟಣ ಹಾಲಸ್ವಾಮಿಯ ಮೈಮೇಲೆಯೇ ಒಡೆದು ಬೆಳ್ಳನೆಯ ಪಂಚೆಯೆಲ್ಲ ನೀಲಿ ಪುಡಿಯಾಯಿತು. ಕೆಂಚೇಶನ ತೋಳು ಭುಜದವರೆಗೆ ಸಮುದ್ರದೊಳಕ್ಕೆ ಹೋಯಿತು. ತೊಟ್ಟಿ ಕಲಕಿ, ನೀರು ಚಿಮ್ಮಿ, ಎಲ್ಲ ತಿಳಿಯಾದಾಗ ಕಲ್ಲುಗಳಿದ್ದವು, ಪಾಚಿಯಿತ್ತು. ಮೀನುಗಳಿರಲಿಲ್ಲ.

"ಸತ್ವು!" ಕೆಂಚೇಶ ಕುಸಿದು ಕೂತ. "ಕಲ್ಪನಕ್ಕಾ, ನನ್ನ ಫೈಲು ಮುಳುಗ್ತು!"

ಹಾಲಸ್ವಾಮಿ ಪಂಚೆ ಎತ್ತಿಕೊಂಡು, ಸಾಕ್ಷಿ ಹೇಳಬೇಕಾದೀತೆಂದು ಮೆಲ್ಲಗೆ ಜಾರಿಕೊಂಡ.

"ಸತ್ರೆ ತೇಲ್ತಿರ್ಲಿಲ್ವಾ? ಹೆದರಿ ಕಲ್ಲಿನ ಸಂದಿಯಾಗೆ ಸೇರ್ಕಂಡಿರ್ತಾವೆ, ನಿನ್ನಂಗೆ" ಎಂದು ಕಲ್ಪನಾ ಫೋನಿನಲ್ಲಿ ಏನೋ ಓದಿ ತಲೆ ಚಚ್ಚಿಕೊಂಡಳು. "ಅಲ್ಲಣ್ಣಾ, ಪಾಚಿ ಸಾಕಿರೋನೇ ನೀನು! ಹೆಚ್ಚು ಬೆಳಕು, ಹೆಚ್ಚು ಕಾಳು, ನಲ್ಲಿ ನೀರು, ಈ ಮೂರೂ ಅದಕ್ಕೆ ಹಬ್ಬದೂಟ. ದೀಪ ಆರಿಸು. ಕಾಳು ನಿಲ್ಸು. ಕಲ್ಲಿಂದ ಕೈಯಾಗೇ ಕೀಳು. ಕಾಲು ಭಾಗ ನೀರು ತೆಗೆದು, ಕ್ಯಾನಿನ ನೀರಿಗೆ ತೊಟ್ಟಿ ಜೊತೆ ಬಂದಿರೋ ಸಮುದ್ರದುಪ್ಪು ಕದಡಿ ಹಾಕು. ಆದ್ರೂ ಪೂರ್ತಿ ಹೋಗಾಕೆ ಒಂದು ತಿಂಗಳಾದ್ರೂ ಬೇಕು."

"ತಿಂಗಳು ಯಾರ ಹತ್ರ ಐತಕ್ಕಾ? ನನ್ನ ಹತ್ರ ಇರೋದು ಸಂಜಿ ಐದರ ತನಕ."

ಆಮೇಲಿನದು ಯುದ್ಧ. ತ್ಯಾವಣಿಗೆಗೆ ಬೈಕು ಓಡಿಸಿ ಎರಡು ಕ್ಯಾನು ಶುದ್ಧ ನೀರು ತಂದ. ನೀರು ಎಳೆಯಲು ಪೈಪಿಗೆ ಬಾಯಿಟ್ಟು, ಹನ್ನೊಂದು ವರ್ಷದ ಅನುಭವದ ಮೇಲೆ ಜೋರಾಗಿ ಎಳೆದ; ಒಂದು ಗುಟುಕು ಸಮುದ್ರ, ಅರ್ಧ ಹಿಡಿ ಪಾಚಿ ಗಂಟಲಿಗಿಳಿಯಿತು. ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದೊಂದೇ ಕಲ್ಲನ್ನು, ಮೊದಲ ಮಗುವಿನ ತಲೆ ತಿಕ್ಕುವಂತೆ ತಿಕ್ಕಿದ. ಕಿತ್ತ ಪಾಚಿಯನ್ನು ಯಾರ ಕಣ್ಣಿಗೂ ಬೀಳದಂತೆ ಹಿತ್ತಿಲಲ್ಲಿ ಗುಂಡಿ ತೋಡಿ ಹೂತ. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಅವನ ಜೀವ ಬಾಯಿಗೆ ಬಂದು, ಉಪ್ಪು ನೆಕ್ಕಿ ವಾಪಸಾಗುತ್ತಿತ್ತು. ನಾಲ್ಕೂ ಮುಕ್ಕಾಲಿಗೆ ತೊಟ್ಟಿ ಕನ್ನಡಿಯಾಯಿತು. ಕನ್ನಡಿಯಲ್ಲಿ ಮೀನು ಮಾತ್ರ ಇಲ್ಲ.

ಐದಕ್ಕೆ ಸರಿಯಾಗಿ ಕಾರು ನಿಂತಿತು. ಮಹೇಶ್ವರಪ್ಪನವರು ವಿಭೂತಿ ಹಣೆಯಲ್ಲಿ, ಹಿಂದೆ ಮೂವರು ದೋಸ್ತರ ಸಮೇತ ಒಳಬಂದರು. ಕೆಂಚೇಶ ಕಣ್ಣು ಮುಚ್ಚಿ ಮನೆದೇವರಿಗೆ ಕಾಯಿ ಹೇಳಿಕೊಂಡ.

"ಅಬ್ಬಬ್ಬಾ!" ಎಂದರು ಹೊನ್ನಾಳಿಯವರು.

ಕಣ್ಣು ಬಿಟ್ಟ. ಎರಡೂ ಕೇಸರಿ ಮೀನುಗಳು ಕಲ್ಲಿನ ಸಂದಿಯಿಂದ ಹೊರಬಂದು, ಅಧ್ಯಕ್ಷರನ್ನು ಕಂಡು ಬಾಲ ಅಲ್ಲಾಡಿಸುತ್ತಿದ್ದವು, ಪಂಚಾಯ್ತಿ ಮೆಂಬರುಗಳ ಹಾಗೆ. ಕೆಂಚೇಶನ ಕಣ್ಣಲ್ಲಿ ನೀರು ಬಂತು, ಅದೂ ಉಪ್ಪುನೀರೇ.

"ನಮ್ಮದು ಕೆಸರುಗುಂಡಿ ಆಗೈತಲ್ರೀ, ನಿಮ್ಮದು ಹಿಂಗೆ ಹೆಂಗೆ?" ನ್ಯಾಮತಿಯವರು ಬಾಯ್ಬಿಟ್ಟರು. ಅಷ್ಟರಲ್ಲಿ ಜಗಳೂರಿನವರು ಮೇಜಿನ ಮೇಲಿಂದ ಬಾಟ್ಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದೇನಪ್ಪಾ?"

ಕರಿಯಕ್ಕನ ಬಾಟ್ಲಿ! ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಅಧ್ಯಕ್ಷರ ಕಣ್ಣು ಕೆಂಪಾಗಿ ಕೆಂಚೇಶನ ಕಡೆ ತಿರುಗಿತು. ಇದು ನಮ್ಮೂರಿನ ಕುಡಿಯುವ ನೀರು ಎಂದು ನಿಜ ಹೇಳಿದರೆ ಅತಿಥಿಗಳೆದುರು ಅಧ್ಯಕ್ಷರ ಮರ್ಯಾದೆ ಹೋಗುತ್ತದೆ. ಅದರ ಹಿಂದೆಯೇ ಫೈಲು.

"ಅದು… ಪಾಚಿ ಸಾರ್."

"ನೋಡಿದ್ರಾ!" ಅಧ್ಯಕ್ಷರು ಎದೆಯುಬ್ಬಿಸಿದರು. "ಈ ತೊಟ್ಟಿಯಾಗೆ ಹಿಂಗಿದ್ದ ನೀರನ್ನ ನಮ್ಮ ಹುಡುಗ ಹಂಗೆ ಮಾಡ್ಯಾನೆ!"

ಮೂವರೂ ಬಾಟ್ಲಿಯನ್ನೂ ತೊಟ್ಟಿಯನ್ನೂ ಕಣ್ಣರಳಿಸಿ ನೋಡಿದರು. ಆಮೇಲೆ ಮೂವರೂ ಒಟ್ಟಿಗೆ ಹೇಳಿದರು: "ಇವನನ್ನ ನಮಗೂ ಕಳಿಸಿಕೊಡ್ರೀ!"

ಕಾಫಿ ಮುಗಿಯುವುದರೊಳಗೆ ಹಂಚಿಕೆ ಆಗಿಹೋಯಿತು. ಸೋಮವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಶುಕ್ರವಾರ ಜಗಳೂರು. ದೋಸ್ತರು ಹೋದ ಮೇಲೆ ಕೆಂಚೇಶ ಕೈಮುಗಿದು ನಿಂತ. "ಅಧ್ಯಕ್ಷ್ರೇ, ನಾಳೆ ಫೈಲು…"

ಮಹೇಶ್ವರಪ್ಪನವರು ಪ್ರೀತಿಯಿಂದ ಅವನ ಭುಜ ತಟ್ಟಿದರು. "ಹಾಕ್ಬೇಕು ಅಂತ್ಲೇ ಇದ್ದೆ ಕಣಲೇ. ಆದ್ರೆ ಖಾಯಂ ಆದ್ರೆ ಹಾಜರಾತಿ, ತಪಾಸಣೆ, ಅದೂ ಇದೂ. ಜಗಳೂರಿಗೆ ಹೆಂಗೆ ಕಳಿಸಾಕೆ ಆಗ್ತೈತೆ? ನಿನ್ನಂಥ ಹುಷಾರಿನೋನು ತಾತ್ಕಾಲಿಕ ಆಗೇ ಇರಬೇಕು. ಫೈಲು ನನ್ನ ಹತ್ರ ಭದ್ರವಾಗಿರ್ತೈತೆ, ಹೆದರಬ್ಯಾಡ."

ಗೇಟಿನ ಹೊರಗೆ ಕರಿಯಕ್ಕ ಕಾದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಮ್ಮ ಟ್ಯಾಂಕು ಯಾವ ವಾರನಪ್ಪಾ?"

ಕೆಂಚೇಶ ಗೇಟಿನ ಚಿಲಕ ಹಾಕತೊಡಗಿದ.

"ಹೋಗ್ಲಿ, ನನ್ನ ಬಾಟ್ಲಿ ತಾ. ನಾಳೆ ಚನ್ನಗಿರಿ ತಾಲ್ಲೂಕಾಫೀಸಿಗೆ ಒಯ್ದು ಮೇಜಿನ ಮೇಲೆ ಇಡ್ತೀನಿ."

"ಬಾಟ್ಲಿ ಇಲ್ಲಕ್ಕಾ. ಮನೆಯಾಗೆ ತೋರಿಸ್ತೀನಿ ಅಂತ ಜಗಳೂರಿನವರು ತಗಂಡು ಹೋದ್ರು."

ಕರಿಯಕ್ಕ ಸೊಂಟದ ಮೇಲಿದ್ದ ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟು, ಬೀದಿ ನಲ್ಲಿಯ ಕಡೆ ಬೆರಳು ತೋರಿಸಿದಳು.

"ಅದಕ್ಕೇನಂತೆ? ನೀರುಗಂಟಿ ನೀನೇ ಅಲ್ಲೇನೋ? ತಿರುವು ನಲ್ಲಿ. ಈ ಸಲ ಕೊಡದ ತುಂಬಾ ಒಯ್ತೀನಿ."