ಬ್ರೇಕು ಮುಟ್ಟದ ಕಾರು

ಕೆಂಪು ದೀಪ ಇನ್ನೂ ಎಷ್ಟೋ ದೂರದಲ್ಲಿರುವಾಗಲೇ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಹೊಟ್ಟೆ ತುಂಬಿದ ಎಮ್ಮೆಯಂತೆ ಕಾರು ತನ್ನ ಪಾಡಿಗೆ ಸಾಗಿತು. ಹಿಂದಿದ್ದವರೆಲ್ಲ ಹಾರ್ನ್ ಒತ್ತಿದರು.

"ಬ್ರೇಕ್ ಮುಟ್ಟಬೇಡ ತಮ್ಮಾ," ಎಂದರು ಹಿಂದಿನ ಸೀಟಿನಿಂದ ಮೈಲೇಜ್ ಮಾವ. "ಬ್ರೇಕ್ ಒತ್ತೋದೂ ಒಂದೇ, ಪೆಟ್ರೋಲ್ ರಸ್ತೆಗೆ ಚೆಲ್ಲೋದೂ ಒಂದೇ."

ದೀಪದ ಹತ್ತಿರ ಬರುವಷ್ಟರಲ್ಲಿ ಅದು ಹಸಿರಾಯಿತು. ಮಾವ ತಾವೇ ಬಣ್ಣ ಬದಲಿಸಿದವರಂತೆ ಮೀಸೆ ಸವರಿಕೊಂಡರು.

ಕಾರಿನಲ್ಲಿದ್ದ ಮೂವರೂ ಕಟ್ಟುಹಲ್ಲು ತಯಾರಿಸುವ ಜಾಗದಲ್ಲಿ ಕೆಲಸಕ್ಕಿದ್ದವರು, ದಿನವೂ ಸಂಜೆ ಅವನ ಕಾರಿನಲ್ಲೇ ಮನೆಗೆ ಹೋಗುವವರು. ಅಚ್ಚಿಗೆ ಪ್ಲಾಸ್ಟರ್ ಕಲಸುವ ಮಾವ ಯಾರಿಗೂ ಸ್ವಂತ ಮಾವನಲ್ಲ, ಎಲ್ಲರಿಗೂ ಮಾವ. ಅವನು ಹಲ್ಲು ಜೋಡಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಅವಳು ಹಲ್ಲಿಗೆ ಬಣ್ಣ ಹೊಂದಿಸುತ್ತಿದ್ದಳು. ಊರವರ ಬಾಯಿಗೆಲ್ಲ ನಗು ಕೂರಿಸುತ್ತಿದ್ದವನಿಗೆ ಅವಳೆದುರು ತನ್ನ ಬಾಯಿ ಮಾತ್ರ ತೆರೆಯಲು ಬರುತ್ತಿರಲಿಲ್ಲ.

ನಾಳೆಯಿಂದ ಅವಳಿಗೆ ಊರಿನ ಆಚೆ ತುದಿಯ ಶಾಖೆ. ಅವನು ಮದುವೆಯ ಮಾತು ಎತ್ತುವುದಿದ್ದರೆ ಇವತ್ತೇ, ಅವಳ ಮನೆಯ ಗೇಟಿನೊಳಗೆ ಅವಳು ಮರೆಯಾಗುವ ಮೊದಲು.

ಈ ವಿಷಯದಲ್ಲೂ ಮಾವನೇ ಗುರು. ದುಂದು ಮಾಡುವವನನ್ನು ಯಾವ ಹೆಣ್ಣೂ ನಂಬುವುದಿಲ್ಲ, ಗಂಡಸಿನ ಗುಣ ಅವನು ಕಾರು ಓಡಿಸುವುದರಲ್ಲೇ ತಿಳಿಯುತ್ತದೆ ಎಂದು ಅವರು ಹೇಳಿದ್ದರು. ಅವನು ಅದನ್ನು ತಲೆಗೆ ಹಚ್ಚಿಕೊಂಡ. ತೂಕ ಕಡಿಮೆಯಾಗಲೆಂದು ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಇಳಿಸಿದ, ಅಮ್ಮನ ಕೊಡೆಯನ್ನೂ ಬಿಡಲಿಲ್ಲ. ಚೆನ್ನಾಗಿಯೇ ಇದ್ದ ಅಗಲ ಟೈರುಗಳನ್ನು ಕಳಚಿಸಿ, ಹಗುರಾಗಿ ಉರುಳುವ ಕಿರಿದಾದ ಟೈರು ಹಾಕಿಸಿದ. ಎಸಿ ಬಂದ್. ಗಾಳಿ ಒಳನುಗ್ಗಿ ಕಾರನ್ನು ತಡೆಯುತ್ತದೆಂದು ಕಿಟಕಿಗಳೂ ಬಂದ್. ಅವಳು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡಳೇ ಹೊರತು ಒಂದು ದಿನವೂ ಗೊಣಗಲಿಲ್ಲ.

ಏರು ಬಂತು. ಮಾವ ಅವನ ಭುಜ ತಟ್ಟಿ, ನನ್ನ ಭಾರವಾದರೂ ಇಳಿಯಲಿ ಎಂದು ಹೇಳಿ, ಅರ್ಥಗರ್ಭಿತವಾಗಿ ಕೆಮ್ಮಿ, ಕಾರು ನಿಲ್ಲುವುದನ್ನೂ ಕಾಯದೆ ಇಳಿದುಬಿಟ್ಟರು. ಈಗ ಇಬ್ಬರೇ. ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಕಿಟಕಿಯ ಮೇಲೆ ಟಕಟಕ ಸದ್ದು. ನಡೆದು ಬರುತ್ತಿದ್ದ ಮಾವ ಕಾರಿನ ಸಮಕ್ಕೆ ಬಂದು, ಗೇರು ಬದಲಿಸು ಎಂದು ಸನ್ನೆ ಮಾಡಿ, ಮುಂದೆ ಹೋದರು.

ಗೇಟು ಬಂದರೂ ಅವಳು ಇಳಿಯಲಿಲ್ಲ.

"ಬಸ್ಸಲ್ಲಿ ಬಂದಿದ್ರೆ ನಾನು ಯಾವಾಗ್ಲೋ ಮನೇಲಿರ್ತಿದ್ದೆ," ಎಂದಳು. "ಆದ್ರೂ ದಿನಾ ನಿಮ್ ಜೊತೇನೇ ಬಂದೆ. ನೀವ್ಯಾಕೆ ಇಷ್ಟು ನಿಧಾನ ಓಡಿಸ್ತೀರ ಅಂತ ನಂಗೊತ್ತು. ನಿಮ್ ಬಾಯಿಂದ ಕೇಳ್ಬೇಕು, ಅಷ್ಟೆ."

ಅವನ ಎದೆ ತುಂಬಿ ಬಂತು. ಕೊನೆಗೂ ತನ್ನ ಗುಣ ಅವಳ ಕಣ್ಣಿಗೆ ಬಿದ್ದಿತ್ತು. ಮಾತು ಬಾರದವನ ಬಾಯಿ ಕಟ್ಟೆಯೊಡೆಯಿತು. ಕಿರಿದಾದ ಟೈರು ಹೇಗೆ ಸಲೀಸಾಗಿ ಉರುಳುತ್ತದೆ, ಅದರಲ್ಲಿ ಗಾಳಿ ಕಮ್ಮಿಯಾದರೆ ಎಂಜಿನ್ ಹೇಗೆ ಏದುಸಿರು ಬಿಡುತ್ತದೆ, ಮುಂದಿನ ದೀಪವನ್ನು ಎಷ್ಟು ದೂರದಿಂದ ಗಮನಿಸಬೇಕು, ಎಲ್ಲವನ್ನೂ ಹೇಳಿದ.

ಅವಳು, ಬಣ್ಣ ಹೊಂದದ ಹಲ್ಲನ್ನು ಬೆಳಕಿಗೆ ಹಿಡಿದು ನೋಡುವಂತೆ, ಅವನನ್ನು ನೋಡಿದಳು.

"ಅಷ್ಟೇನಾ?"

"ಎಸಿನೂ ಹಾಕಲ್ಲ," ಎಂದ ಅವನು.

ಅವಳು ಬಾಗಿಲು ತೆರೆದು ಇಳಿದಳು. "ನನ್ ಜೊತೆ ಇನ್ನೊಂಚೂರು ಹೊತ್ತು ಇರೋಕೆ ಹೀಗ್ ಓಡಿಸ್ತೀರ ಅಂದ್ಕೊಂಡಿದ್ದೆ."

ಇಷ್ಟು ತಿಂಗಳು ಉಳಿಸಿದ ಪೆಟ್ರೋಲೆಲ್ಲ ಒಮ್ಮೆಲೇ ಎದೆಯಲ್ಲಿ ಹೊತ್ತಿಕೊಂಡಂತಾಯಿತು. ಅವನು ಗಡಬಡಿಸಿ ಅವಳ ಕಡೆ ಬಾಗಿದ.

"ನಾಳೆಯಿಂದ ಆ ಶಾಖೆಗೂ ನಾನೇ ಬಿಡ್ತೀನಿ. ಇನ್ನೂ ನಿಧಾನ ಓಡಿಸ್ತೀನಿ."

"ಬೇಡ," ಎಂದಳು ಅವಳು. "ಬಸ್ಸಿದೆ."