ಕ್ಯಾಮೆರಾ ಎಲ್ಲಿ ಇಟ್ಟೀರಿ?

ಮಂದಿಗೆ ಗಾಬರಿ ಹುಟ್ಟಿಸುವುದೇ ನನ್ನ ಹೊಟ್ಟೆಪಾಡು, ಆದರೆ ಗಾಬರಿಯಾಗುವ ಸರದಿ ಮಾತ್ರ ಯಾವಾಗಲೂ ನನ್ನದೇ ಆಗುತ್ತದೆ. ಹುಬ್ಬಳ್ಳಿಯ ಒಂದು ಸಣ್ಣ ಟಿವಿ ಚಾನೆಲ್ಲಿನಲ್ಲಿ ಎಂಟು ವರ್ಷದಿಂದ ಇದೇ ಕೆಲಸ. ಕ್ಯಾಮೆರಾ ಬಚ್ಚಿಟ್ಟು, ಏನಾದರೊಂದು ವೇಷ ಹಾಕಿ, ತಮ್ಮ ಪಾಡಿಗೆ ತಾವಿದ್ದವರ ಮುಂದೆ ಹೋಗಿ ದೊಡ್ಡದೊಂದು ಸುಳ್ಳು ಹೇಳಬೇಕು. ಅವರು ಹೌಹಾರಿದ ಕೂಡಲೇ ‘ಅಲ್ಲಿ ನೋಡ್ರಿ ಕ್ಯಾಮೆರಾ!’ ಎಂದು ಕೈ ತೋರಿಸಬೇಕು. ಕೇಳಲು ಸುಲಭ. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿ ಅಷ್ಟು ಸುಲಭಕ್ಕೆ ಹೌಹಾರುವ ಪೈಕಿ ಅಲ್ಲ.

ನಮ್ಮವ್ವನಿಗಂತೂ ಈ ಕೆಲಸದಲ್ಲಿ ನಗುವಂಥದ್ದು ಏನೂ ಕಂಡಿಲ್ಲ. ನನಗೆ ಮೂವತ್ನಾಲ್ಕು ತುಂಬಿತು, ಮದುವೆಯಿಲ್ಲ. ‘ಸುಳ್ಳ ಹೇಳಿ ಹೊಟ್ಟಿ ಹೊರಕೊಳ್ಳಾವಗ ಹೆಣ್ಣ ಯಾರ ಕೊಡ್ತಾರೋ?’ ಎಂದು ದಿನಾ ರೊಟ್ಟಿ ಬಡಿಯುತ್ತಾ ಕೇಳುತ್ತಾಳೆ. ಉತ್ತರ ಕೊಡದಿದ್ದರೆ ರೊಟ್ಟಿ ಇನ್ನಷ್ಟು ಜೋರಾಗಿ ಬಡಿಯುತ್ತಾಳೆ. ಆಕೆಯ ಮಾತು ಸುಳ್ಳೇನಲ್ಲ. ಏಳು ಮನೆಯವರು ಜಾತಕ ನೋಡಿ ಒಪ್ಪಿದ್ದರು, ಟಿವಿ ನೋಡಿ ಬಿಟ್ಟರು.

ವಲ್ಲಿಯ ಕೆಳಗೆ

ಮೊದಲ ವರ್ಷದ ಮಾತು. ಅಮರಗೋಳದ ಮಾರುಕಟ್ಟೆಯಲ್ಲಿ ಈಗ ಕಂಪ್ಯೂಟರಿನಲ್ಲೇ ಟೆಂಡರ್ ಹಾಕುತ್ತಾರೆ. ಆದರೂ ಹಳೇ ತಲೆಯ ಒಬ್ಬಿಬ್ಬರು ವ್ಯಾಪಾರಿಗಳು ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಗುಟ್ಟಾಗಿ ದರ ಮಾತಾಡುವುದುಂಟು. ಯಾವ ಬೆರಳು ಒತ್ತಿದರೆ ಎಷ್ಟು ಎಂಬುದು ಅವರಿಗೇ ಗೊತ್ತು. ನಾನು ಧೋತರ ಉಟ್ಟು, ಬಿಳಿ ಟೋಪಿ ಹಾಕಿ, ಮೆಣಸಿನಕಾಯಿ ಕೊಳ್ಳಲು ಬಂದವನ ಹಾಗೆ ಒಬ್ಬ ಮುದುಕ ವ್ಯಾಪಾರಿಯ ಮುಂದೆ ಕೂತೆ. ವಲ್ಲಿಯ ಕೆಳಗೆ ಕೈ ಹಾಕಿ ಅವರ ಅಂಗೈಗೆ ಕಚಗುಳಿ ಇಡುವುದು ನಮ್ಮ ಯೋಜನೆ. ಮುದುಕರು ಕಿಟಾರನೆ ಕಿರುಚುತ್ತಾರೆ, ಊರೆಲ್ಲ ನಗುತ್ತದೆ ಎಂದುಕೊಂಡಿದ್ದೆವು.

ಕಚಗುಳಿ ಇಟ್ಟೆ. ಮುದುಕರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಇನ್ನೊಮ್ಮೆ ಜೋರಾಗಿ ಇಟ್ಟೆ. ಕಣ್ಣು ಬಿಟ್ಟು, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಇಷ್ಟ ಛಲೋ ದರ ಈ ವರ್ಷ ಯಾರೂ ಕೊಟ್ಟಿದ್ದಿಲ್ಲ ಬಿಡ್ರಿ. ಆತು, ಮಾಲು ನಿಮ್ದು. ಏ, ಎತ್ರಪಾ ಚೀಲಾ!’ ಎಂದು ಕೂಗಿದರು.

ಹಮಾಲರು ಬಂದು ಚೀಲ ಎತ್ತತೊಡಗಿದರು. ‘ಕಾಕಾ, ಕಾಕಾ, ಇದು ಬರೇ ಚಾಷ್ಟಿರಿ! ಅಲ್ಲಿ ನೋಡ್ರಿ ಕ್ಯಾಮೆರಾ!’ ಎಂದು ಬಡಬಡಿಸಿದೆ. ಮುದುಕರು ನಿಧಾನಕ್ಕೆ ತಿರುಗಿ ಕ್ಯಾಮೆರಾ ನೋಡಿ, ಅದಕ್ಕೊಂದು ನಮಸ್ಕಾರ ಹಾಕಿ, ‘ಛಲೋ ಆತು. ಸಾಕ್ಷಿನೂ ನೀವ ತಂದೀರಿ’ ಎಂದರು.

ವ್ಯಾಪಾರ ಮುರಿಯಲು ನಮ್ಮ ಚಾನೆಲ್ಲಿನ ಮಾಲಕರೇ ಬಂದು ಕೈಮುಗಿಯಬೇಕಾಯಿತು. ಅವರು ಬರುವ ತನಕ ನಾನು ಚೀಲದ ಮೇಲೆ ಕೂತು ಸೀನುತ್ತಿದ್ದೆ. ಟಿವಿಯಲ್ಲಿ ಬಂದದ್ದು ಅಷ್ಟೇ. ಅದನ್ನು ನೋಡಿದ ಮೊದಲ ಹೆಣ್ಣಿನ ಮನೆಯವರು, ಹುಡುಗನಿಗೆ ದಮ್ಮಿನ ಕಾಯಿಲೆ ಇದೆ ಎಂದು ಹೇಳಿ ಕಳಿಸಿದರು.

ಆಕಾಶದಿಂದ ಕಬ್ಬಿಣ

ಶಿರಗುಪ್ಪಿಯ ಹೊಲವೊಂದಕ್ಕೆ ವಿಜ್ಞಾನಿಯಾಗಿ ಹೋದೆ. ಬಿಳಿ ಕೋಟು, ದಪ್ಪ ಕನ್ನಡಕ, ಕೈಯಲ್ಲಿ ಕುಂಯ್ ಕುಂಯ್ ಎನ್ನುವ ಒಂದು ಡಬ್ಬಿ. ಕಡಲೆ ಹೊಲದ ಬದುವಿನ ಮೇಲೆ ಗಂಡ ಹೆಂಡತಿ ಬುತ್ತಿ ಬಿಚ್ಚಿ ಕೂತಿದ್ದರು. ನಾನು ಏದುಸಿರು ಬಿಡುತ್ತಾ ಹೋಗಿ, ‘ಯಜಮಾನ್ರ, ಲಗೂ ಏಳ್ರಿ! ಒಂದು ಉಪಗ್ರಹ ಕೆಟ್ಟೈತಿ. ಇನ್ನ ಅರ್ಧಾ ತಾಸಿನ್ಯಾಗ ನಿಮ್ಮ ಹೊಲದಾಗ ಬೀಳತೈತಿ!’ ಎಂದೆ.

ರೈತ ಆಕಾಶ ನೋಡಿದ. ಆಮೇಲೆ ನನ್ನ ನೋಡಿದ. ‘ಅರ್ಧಾ ತಾಸ ಐತೆಲ್ರಿ. ಕುಂದರ್ರಿ, ರೊಟ್ಟಿ ತಿನ್ರಿ’ ಎಂದ.

ಹೆಂಡತಿ ಆಗಲೇ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ನನ್ನ ಕೈಗೆ ಕೊಟ್ಟಾಗಿತ್ತು. ಉಂಡೆ. ಉಪಗ್ರಹ ಬೀಳುವ ಜಾಗದಲ್ಲಿ ಎರಡನೇ ರೊಟ್ಟಿಯನ್ನೂ ಉಂಡೆ. ಡಬ್ಬಿ ಕುಂಯ್ ಕುಂಯ್ ಎನ್ನುತ್ತಲೇ ಇತ್ತು. ಕೆಲಸ ನೆನಪಾಗಿ ಮತ್ತೆ ಗಾಬರಿ ಮಾಡಿಕೊಂಡು, ‘ಭಾಳ ದೊಡ್ಡದೈತ್ರಿ, ಎರಡು ಟ್ರ್ಯಾಕ್ಟರಿನಷ್ಟು!’ ಎಂದೆ.

‘ಕಬ್ಬಿಣ ಇರತೈತೇನ್ರಿ ಅದರಾಗ?’

‘ಇರತೈತ್ರಿ, ಭಾಳ ಇರತೈತಿ.’

ಈಗ ಮೊದಲ ಸಲ ರೈತನ ಮುಖದಲ್ಲಿ ಚಿಂತೆ ಕಂಡಿತು. ಹೆಂಡತಿಯ ಮುಖ ನೋಡಿದ. ಆಕೆ ತಲೆ ಅಲ್ಲಾಡಿಸಿದಳು. ಕ್ಯಾಮೆರಾದವನಿಗೆ ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ, ಹಕ್ಕಿ ಬಲೆಗೆ ಬಿತ್ತು ಎಂದು. ರೈತ ಕೈ ತೊಳೆದುಕೊಂಡು ಎದ್ದು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: ‘ಸಾಹೇಬ್ರ, ಇವತ್ತ ಶನಿವಾರ. ಶನಿವಾರ ನಾವು ಕಬ್ಬಿಣ ಮನಿಗೆ ತಗೊಳ್ಳಂಗಿಲ್ರಿ. ನಾಳೆ ಬೀಳೂ ಹಂಗ ಮಾಡ್ರಿ.’

ಯಾರ ಕಾಲಿದು?

ಆಮೇಲಾಮೇಲೆ ಜನ ನನ್ನ ಗುರುತು ಹಿಡಿಯತೊಡಗಿದರು. ಮೊದಲು ಅದಕ್ಕೆ ಹಿಗ್ಗಿದೆ. ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಪೈಪು ಹಾಕಲು ಅಗೆದ ತಗ್ಗಿನಲ್ಲಿ ನಿಜವಾಗಿಯೂ ಬಿದ್ದಾಗ ಹಿಗ್ಗು ಇಳಿಯಿತು.

ಸೊಂಟದ ತನಕ ರಾಡಿ. ಎಡಗಾಲು ಅಲ್ಲಾಡಿಸಲು ಬರುತ್ತಿಲ್ಲ. ‘ಯಾರಾದ್ರೂ ಎತ್ರಿ!’ ಎಂದು ಕೂಗಿದೆ. ಮಂದಿ ಓಡಿ ಬಂದರು, ನನ್ನ ಮುಖ ನೋಡಿದರು, ಚಪ್ಪಾಳೆ ತಟ್ಟಿದರು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ‘ಖರೇನ ಬಿದ್ದೇನ್ರೋ, ಕಾಲ ಮುರದೈತಿ!’ ಎಂದು ಅತ್ತರೆ ಒಬ್ಬ, ‘ಈಗೀಗ ಛಲೋ ಅಳತಾನ ನೋಡ್ರಿ’ ಎಂದು ಪಕ್ಕದವನಿಗೆ ಹೇಳಿದ. ಒಬ್ಬ ಹೆಣ್ಣುಮಗಳು ಕೂದಲು ಸರಿ ಮಾಡಿಕೊಂಡು, ಸೆರಗು ಹೊದ್ದು, ‘ಕ್ಯಾಮೆರಾ ಎಲ್ಲಿ ಇಟ್ಟೀರಿ? ನಾ ಯಾವ ಬಾಜೂ ನಿಂದ್ರಲಿ?’ ಎಂದು ಕೇಳಿದಳು. ಅರ್ಧ ತಾಸಾದರೂ ನಾನು ಮೇಲೆ ಬಾರದ್ದು ನೋಡಿ, ಕಾರ್ಯಕ್ರಮ ಉದ್ದವಾಯಿತು ಎಂದು ಬೇಸತ್ತು ಇಬ್ಬರು ಎತ್ತಿದರು.

ದವಾಖಾನೆಗೆ ಹೋದೆ. ಎಲುಬಿನ ಡಾಕ್ಟರು ನನ್ನ ಕಂಡದ್ದೇ ನಕ್ಕರು. ಎಕ್ಸ್-ರೇ ಬಂತು. ಅದನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಭಾರಿ ಹೊಂದಿಸೀರಿ ಬಿಡ್ರಿ. ಯಾರ ಕಾಲಿದು?’ ಎಂದರು.

ಮಂದಿಗೆ ನಗುವ ಮಾತು. ನನಗೆ ಮಾತ್ರ ಅವತ್ತು ಕಾಲಿನ ನೋವಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನ್ನ ಸುಳ್ಳನ್ನು ಯಾರೂ ನಂಬದಿದ್ದರೆ ಒಂದು ಕಾರ್ಯಕ್ರಮ ಹಾಳಾಗುತ್ತದೆ. ಖರೇ ಮಾತನ್ನೂ ನಂಬದಿದ್ದರೆ ಬಾಳುವೆ ಮಾಡುವುದು ಹೇಗೆ?

ಮಾಳಮಡ್ಡಿಯ ಪರೀಕ್ಷೆ

ಎಂಟನೆಯ ಹೆಣ್ಣು ಧಾರವಾಡದ ಮಾಳಮಡ್ಡಿಯಲ್ಲಿ. ಸಾಲಿಯಲ್ಲಿ ಗಣಿತ ಕಲಿಸುತ್ತಾಳೆ. ಫೋಟೋ ನೋಡಿದ ದಿನವೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ಅವ್ವ ದಾರಿಯುದ್ದಕ್ಕೂ ಬುದ್ಧಿ ಹೇಳಿದಳು: ‘ಒಂದ ಮಾತೂ ಸುಳ್ಳ ಆಡಬ್ಯಾಡ. ಇದೂ ತಪ್ಪಿದ್ರ ನಾ ನಿನ್ನ ಸಲುವಾಗಿ ಯಾರ ಹೊಸ್ತಿಲಾನೂ ತುಳಿಯಂಗಿಲ್ಲ.’ ನನಗೆ ನಾಚಿಕೆಯಾಯಿತು.

ಹುಡುಗಿಯ ತಂದೆ ನಿವೃತ್ತ ಹೆಡ್ ಮಾಸ್ತರರು. ಪಡಸಾಲೆಗೆ ಕರೆದು ಕೂಡಿಸಿದರು. ಕೂಡಿಸಿ, ಮೊದಲು ಹೂವಿನ ಕುಂಡದಲ್ಲಿ ಕೈಯಾಡಿಸಿ ನೋಡಿದರು. ಆಮೇಲೆ ನನ್ನ ಜೇಬಿನ ಪೆನ್ನು ಇಸಿದುಕೊಂಡು, ಬಿಚ್ಚಿ, ಒಳಗಿನ ರಿಫಿಲ್ ಊದಿ ನೋಡಿ ವಾಪಸು ಕೊಟ್ಟರು. ತಿನ್ನಲು ಮಂಡಕ್ಕಿ ಸುಸಲಾ ಬಂತು. ನಾನು ಒಂದು ತುತ್ತು ನುಂಗುವಷ್ಟರಲ್ಲಿ ಪ್ರಶ್ನೆ ಶುರುವಾಯಿತು.

‘ಕಾಲು ಯಾಕ ಎಳೀತೀರಿ?’

‘ತಗ್ಗಿನ್ಯಾಗ ಬಿದ್ದು ಮುರದಿತ್ರಿ.’

‘ಅದನ್ನ ಮೊಬೈಲಿನ್ಯಾಗ ನೋಡೇವಿ’ ಎಂದು ತುಟಿ ಒಳಗೇ ನಕ್ಕರು. ‘ಇವರು ಯಾರ್ರಿ?’

‘ನಮ್ಮ ಅವ್ವ್ರಿ.’

ಮಾಸ್ತರರು ಕನ್ನಡಕ ಏರಿಸಿ ಅವ್ವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ‘ಖರೇ ಅವ್ವಾರೋ, ಬಾಡಿಗಿ ಅವ್ವಾರೋ?’

ನನ್ನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಅವ್ವ ಧಡಕ್ಕನೆ ಎದ್ದು ನಿಂತಳು. ‘ಏನಂದ್ರಿ? ಒಂಬತ್ತ ತಿಂಗಳ ಹೊತ್ತು ಹಡದಾಕಿ ನಾನು!’

‘ಸಿಟ್ಟಾಗಬ್ಯಾಡ್ರಿ. ಹೋದ ತಿಂಗಳ ಟಿವ್ಯಾಗ ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಇವರ ಕೊಳ್ಳ ಹಿಡಕೊಂಡು ಅತ್ತಿದ್ದಳು. ಆಕೀನೂ ಹಡದಾಕಿ ಅಂದಿದ್ದಳು. ನಮ್ಮ ಮನಿಯವರು ಕಣ್ಣೀರ ಹಾಕಿದ್ರು. ಕಡೀಕ ನೋಡಿದ್ರ ನಾಟಕ ಕಂಪನಿಯಾಕಿ.’

ಮಾತು ನಿಜ. ಆಕೆಯನ್ನು ಕರೆತಂದವನು ನಾನೇ. ಅವ್ವ ನನ್ನ ಕಡೆ ತಿರುಗಿದಳು. ‘ಇನ್ನೊಬ್ಬಾಕೀನ ಅವ್ವಾ ಅಂದಿಯೇನೋ?’

‘ಅವ್ವಾ, ಅದು ಕಾರ್ಯಕ್ರಮ...’ ಎನ್ನುವಷ್ಟರಲ್ಲಿ ಕೆನ್ನೆಗೆ ಬಿತ್ತು ಪೆಟ್ಟು. ಕೈಯಲ್ಲಿದ್ದ ತಾಟು ಹಾರಿತು. ಮಂಡಕ್ಕಿ ಮಾಸ್ತರರ ತಲೆಯ ಮೇಲೆಲ್ಲ ಅಕ್ಷತೆಯ ಹಾಗೆ ಉದುರಿತು. ಮುಗಿಯಿತು, ಎಂಟನೆಯದೂ ಹೋಯಿತು ಎಂದು ನಾನು ಕೆನ್ನೆ ಹಿಡಿದುಕೊಂಡು ನೆಲ ನೋಡುತ್ತಾ ಕೂತೆ. ಅವ್ವನ ಕಣ್ಣಲ್ಲಿ ನೀರು ತುಂಬಿತ್ತು.

ಆಗ ಒಳಗಿನಿಂದ ಮಾಸ್ತರರ ಮುದಿ ತಾಯಿ ಗೋಡೆ ಹಿಡಿದುಕೊಂಡು ಬಂದರು. ‘ಪೆಟ್ಟ ಹಡದಾಕೀದ ಐತಿ’ ಎಂದು ತೀರ್ಪು ಕೊಟ್ಟರು. ‘ಬಾಡಿಗಿಯಾಕಿಗೆ ಕೈ ಇಷ್ಟ ಮ್ಯಾಲೆ ಏಳಂಗಿಲ್ಲ. ಹುಡುಗೀನ ಕೇಳಪಾ.’

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ತಂದೆಯ ಮುಖವನ್ನಾಗಲಿ ನನ್ನ ಮುಖವನ್ನಾಗಲಿ ನೋಡಲಿಲ್ಲ. ನೆಟ್ಟಗೆ ಅವ್ವನ ಹತ್ತಿರ ಬಂದು, ಆಕೆಯ ಬಲಗೈ ಹಿಡಿದುಕೊಂಡು ಕೇಳಿದಳು:

‘ಅತ್ತಿ, ಈ ಪೆಟ್ಟ ನನಗೂ ಕಲಿಸ್ತೀರೇನ್ರಿ?’